ಕಾರೊಳಗಿನ ಕಟಕಟ: ನೂರು ವರ್ಷಗಳ ಹುಡುಕಾಟ

🕰️ ಭಾಗ 1: ಗಡಿಯಾರದ ಸದ್ದು

1958ರಲ್ಲಿ ಅಮೆರಿಕದಲ್ಲಿ ರೋಲ್ಸ್ ರಾಯ್ಸ್ ಕಾರಿನ ಒಂದು ಜಾಹೀರಾತು ಬಂತು. ಬರೆದವರು ಡೇವಿಡ್ ಓಗಿಲ್ವಿ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗಲೂ ಈ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳೋದು ಎಲೆಕ್ಟ್ರಿಕ್ ಗಡಿಯಾರದ ಸದ್ದು ಅನ್ನೋದು ಅದರ ತಲೆಬರಹದ ಸಾರ. ಇದೇ ಮಾತನ್ನ ಪಿಯರ್ಸ್ ಆರೋ ಅನ್ನೋ ಅಮೆರಿಕನ್ ಕಾರಿನವರು 1933ರಲ್ಲೇ ಹೇಳಿಬಿಟ್ಟಿದ್ದರು. ಆದರೆ ಜನರ ನೆನಪಲ್ಲಿ ಉಳಿದದ್ದು ಓಗಿಲ್ವಿಯದು.

ತಲೆಬರಹ ಎಲ್ಲರಿಗೂ ಗೊತ್ತು. ಕೆಳಗಿನ ಸಣ್ಣ ಅಕ್ಷರ ಓದಿದವರು ಕಡಿಮೆ. ತಯಾರಾದ ಪ್ರತಿ ಕಾರೂ ಕೊನೆಯ ಒಂದು ವಾರ ಪರೀಕ್ಷಾ ಶೆಡ್ಡಿನಲ್ಲೇ ಇರ್ತಿತ್ತಂತೆ. ಅಲ್ಲಿ 98 ಪರೀಕ್ಷೆ. ಎಂಜಿನಿಯರುಗಳು ಆಕ್ಸಲ್ಲಿಗೆ ಸ್ಟೆತಾಸ್ಕೋಪ್ ಇಟ್ಟು, ಡಾಕ್ಟರು ಎದೆ ಪರೀಕ್ಷೆ ಮಾಡಿದ ಹಾಗೆ ಕೇಳ್ತಿದ್ದರು!

ಒಂದು ಕಾರು ಸುಮ್ಮನಿದೆ ಅನ್ನೋದೇ ಇಷ್ಟು ದೊಡ್ಡ ಸುದ್ದಿ ಆಗಬೇಕಿದ್ರೆ, ಉಳಿದ ಕಾರುಗಳು ಹೇಗಿದ್ದಿರಬೇಕು ಯೋಚನೆ ಮಾಡಿ.

🪵 ಭಾಗ 2: ಬಡಗಿ ಕಟ್ಟಿದ ಕಾರು

ಕಾರಿನ ಶುರುವಾತಿನ ದಿನಗಳಲ್ಲಿ ದುಬಾರಿ ಕಾರು ಕೊಳ್ಳೋ ರೀತಿಯೇ ಬೇರೆ. ಕಂಪನಿ ಕೊಡ್ತಿದ್ದದ್ದು ಎಂಜಿನ್, ಚಕ್ರ ಮತ್ತು ಚಾಸಿ ಮಾತ್ರ. ಮೇಲಿನ ಬಾಡಿ ಕಟ್ಟಿಸೋಕೆ ನೀವು ಬೇರೆ ಕಾರ್ಖಾನೆಗೆ ಹೋಗಬೇಕು. ಅಲ್ಲಿದ್ದವರು ನಿನ್ನೆ ಮೊನ್ನೆವರೆಗೆ ಕುದುರೆ ಸಾರೋಟು ಮಾಡ್ತಿದ್ದ ಬಡಗಿಗಳು. 1907ರ ಸಿಲ್ವರ್ ಘೋಸ್ಟ್ ಕಾರಿಗೂ ಬಾಡಿ ಕಟ್ಟಿದ್ದು ಲಂಡನ್ನಿನ ಬಾರ್ಕರ್ ಎಂಬ ಸಾರೋಟಿನ ಸಂಸ್ಥೆಯೇ. ಬೆಳ್ಳಿ ಬಣ್ಣ, ದೆವ್ವದ ಹಾಗೆ ಸದ್ದಿಲ್ಲದ ಓಟ. ಅದಕ್ಕೇ ಆ ಹೆಸರು.

ಆದರೆ ಎಲ್ಲ ಕಾರಿಗೂ ಆ ಭಾಗ್ಯ ಇರಲಿಲ್ಲ. ಮರದ ಚೌಕಟ್ಟು, ಅದರ ಮೇಲೆ ಮೊಳೆ ಹೊಡೆದ ತಗಡು. ಇದು ಆಗಿನ ಸಾಮಾನ್ಯ ಬಾಡಿ. ಕುದುರೆಯ ವೇಗಕ್ಕೆ ಸಾಕಾಗಿದ್ದ ಕೀಲುಗಳು ಎಂಜಿನ್ ನಡುಕಕ್ಕೆ ಸಿಕ್ಕಾಗ ಸಡಿಲ ಆದವು. ಮಳೆಗೆ ಮರ ಊದಿಕೊಳ್ತು, ಬಿಸಿಲಿಗೆ ಒಣಗಿ ಕುಗ್ಗಿತು. ಹಳೇ ಮಂಚ ಹೊರಳಿದಾಗೆಲ್ಲ ಕಿರ್ ಅನ್ನಲ್ವಾ? ಅಂಥಾ ನಾಲ್ಕು ಮಂಚಗಳನ್ನ ಚಕ್ರದ ಮೇಲೆ ಕೂರಿಸಿ ಓಡಿಸಿದ ಹಾಗೆ!

✈️ ಭಾಗ 3: ವಿಮಾನದಿಂದ ಬಂದ ಉಪಾಯ

ಇಲ್ಲಿ ಬರ್ತಾನೆ ನಮ್ಮ ಕಥೆಯ ನಾಯಕ, ಚಾರ್ಲ್ಸ್ ವೇಮನ್. ಹೈಟಿ ದೇಶದಲ್ಲಿ ಹುಟ್ಟಿದ ವಿಮಾನ ಹಾರಾಟಗಾರ. 1911ರಲ್ಲಿ ಗಾರ್ಡನ್ ಬೆನೆಟ್ ವಿಮಾನ ಸ್ಪರ್ಧೆ ಗೆದ್ದವನು. ಆ ಕಾಲದ ವಿಮಾನ ಅಂದ್ರೆ ಹಗುರ ಮರದ ಎಲುಬು, ಮೇಲೆ ಬಟ್ಟೆಯ ಚರ್ಮ. ಕಾರಿಗೂ ಅದನ್ನೇ ಯಾಕೆ ಮಾಡಬಾರದು ಅಂತ ಇವನಿಗೆ ಹೊಳೀತು.

1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅವನು ತಂದ ವಿಧಾನ ಕೇಳೋಕೆ ಬಹಳ ಸರಳ. ಮರಕ್ಕೆ ಮರ ತಾಗಲೇಬಾರದು. ಎರಡು ಮರದ ತುಂಡುಗಳ ನಡುವೆ ಸಣ್ಣ ಜಾಗ ಬಿಟ್ಟು, ಲೋಹದ ಪಟ್ಟಿಯಿಂದ ಜೋಡಿಸೋದು. ಮೇಲೆ ತಗಡಿನ ಬದಲು ಚರ್ಮದಂತೆ ಕಾಣೋ ಬಟ್ಟೆ. ರಸ್ತೆ ಕುಲುಕಿದಾಗ ಬಾಡಿ ಬಳುಕುತ್ತೆ, ಆದರೆ ಒಂದಕ್ಕೊಂದು ಉಜ್ಜೋದಿಲ್ಲ. ಉಜ್ಜದಿದ್ದ ಮೇಲೆ ಕಿರ್ ಅನ್ನೋದೆಲ್ಲಿಂದ?

ಇದರಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಬೇರೆಯವರು ಕೀಲನ್ನ ಇನ್ನೂ ಬಿಗಿ ಮಾಡೋಕೆ ಹೊರಟಿದ್ದಾಗ, ಇವನು ಅಲ್ಲಾಡೋದು ಅಲ್ಲಾಡಲಿ, ತಾಗೋದು ಬೇಡ ಅಂದ.

🏭 ಭಾಗ 4: ಗೆದ್ದದ್ದು ಉಕ್ಕು, ಸೋತದ್ದು ಕೈ

ಅಷ್ಟರಲ್ಲಿ ಅಮೆರಿಕದಲ್ಲಿ ಇನ್ನೊಂದು ದಾರಿ ತೆರೆದಿತ್ತು. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಪೂರ್ತಿ ಉಕ್ಕಿನ ಬಾಡಿ ಒತ್ತಿ, ಬೆಸುಗೆ ಹಾಕೋಕೆ ಶುರುಮಾಡಿದ್ದ. 1914ರಲ್ಲಿ ಡಾಡ್ಜ್ ಸಹೋದರರು ಅವನಿಂದಲೇ ಬಾಡಿ ಮಾಡಿಸಿಕೊಂಡರು. ಬೆಸುಗೆ ಸಡಿಲ ಆಗಲ್ಲ, ಬಿಸಿಲಿಗೆ ಕುಗ್ಗಲ್ಲ, ವರ್ಷಗಟ್ಟಲೆ ಮರ ಒಣಗಿಸೋ ಕೆಲಸವೂ ಇಲ್ಲ. 1934ರ ಸಿಟ್ರೊಯೆನ್ ಟ್ರಾಕ್ಷನ್ ಅವಾಂಟ್ ಬರೋ ಹೊತ್ತಿಗೆ ಚಾಸಿ ಮತ್ತು ಬಾಡಿ ಎರಡೂ ಒಂದೇ ಉಕ್ಕಿನ ಗೂಡಾಗಿತ್ತು.

ವೇಮನ್‌ನ ಬಟ್ಟೆಯ ಬಾಡಿ 1930ರ ದಶಕದಲ್ಲಿ ಮೂಲೆಗೆ ಸರೀತು. ಬಟ್ಟೆ ಬೇಗ ಹಳೆಯದಾಗ್ತಿತ್ತು, ಜನಕ್ಕೆ ಬೇಕಿದ್ದದ್ದು ಪಳಪಳ ಹೊಳೆಯೋ ಬಣ್ಣ. ಆಮೇಲೆ ಬಡಗಿಗಳ ಸರದಿ. ಬೇರೆ ಚಾಸಿಯೇ ಇಲ್ಲದ ಮೇಲೆ ಬಾಡಿ ಕಟ್ಟೋದು ಯಾವುದರ ಮೇಲೆ? ಒಂದೊಂದೇ ಹಳೇ ಕಾರ್ಖಾನೆ ಬಾಗಿಲು ಹಾಕ್ತು. ಕಾರಿನ ಕಿರಗುಟ್ಟುವಿಕೆಯ ಜೊತೆಗೆ ಒಂದು ಕುಲಕಸುಬೂ ಹೋಯಿತು.

ಉಕ್ಕಿನ ಕಾರು ಸುಮ್ಮನಾಯಿತಾ? ಇಲ್ಲ. ಅಗಲವಾದ ತಗಡು ತಮಟೆ ಹಾಗೆ ಬಡ್ಕೊಳ್ಳೋಕೆ ಶುರುವಾಯಿತು. ಅದಕ್ಕೆ ಟಾರಿನ ಹಾಳೆ, ಫೆಲ್ಟು ಅಂಟಿಸಿದರು. ಆಮೇಲೆ ಡ್ಯಾಶ್‌ಬೋರ್ಡಿಗೆ ಪ್ಲಾಸ್ಟಿಕ್ ಬಂತು. ಬಿಸಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತೆ. ಬೆಳಿಗ್ಗೆ ಕಟಕಟ ಅನ್ನೋ ಕಾರು ಮಧ್ಯಾಹ್ನ ಸುಮ್ಮನಾಗೋ ರಹಸ್ಯ ಇದೇ.

🚖 ಭಾಗ 5: ಒಂದು ಸದ್ದು ಹೋದರೆ ಇನ್ನೊಂದು

ನಮ್ಮ ಅಂಬಾಸಿಡರ್ ಜೋಕು ಕೇಳಿರ್ತೀರಿ: ಅದರಲ್ಲಿ ಹಾರ್ನ್ ಒಂದು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡ್ತದೆ! ತಮಾಷೆ ಏನಂದ್ರೆ, ಅದರ ಬಾಡಿಯೂ ಒಂದೇ ಉಕ್ಕಿನ ಗೂಡೇ. ಗೂಡು ಗಟ್ಟಿಯಿದ್ದರೆ ಸಾಲದು. ಅದಕ್ಕೆ ತೂಗುಹಾಕಿದ ಬಾಗಿಲು, ಗಾಜು, ಬುಶ್ಶು ಎಲ್ಲ ಬಿಗಿಯಾಗಿರಬೇಕು.

1989ರಲ್ಲಿ ಜಪಾನಿನ ಲೆಕ್ಸಸ್ ಎಲ್‌ಎಸ್ 400 ಬಂದಾಗ, ರೋಲರ್ ಮೇಲೆ ಓಡೋ ಕಾರಿನ ಬಾನೆಟ್ಟಿನ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ ಇಟ್ಟು ಜಾಹೀರಾತು ಮಾಡಿದರು. ಒಂದೂ ಬೀಳಲಿಲ್ಲ. ಸದ್ದನ್ನ ಮುಚ್ಚೋದಲ್ಲ, ಹುಟ್ಟೋ ಜಾಗದಲ್ಲೇ ನಿಲ್ಲಿಸೋದು ಅನ್ನೋದು ಆ ತಂಡದ ಸೂತ್ರ.

ಈಗ ಎಲೆಕ್ಟ್ರಿಕ್ ಕಾರಿನ ಕಾಲ. ಎಂಜಿನ್ ಸದ್ದೇ ಇಲ್ಲ. ಅದರ ಹಿಂದೆ ಅಡಗಿದ್ದ ಚಿಕ್ಕಪುಟ್ಟ ಕಟಕಟ ಎಲ್ಲ ಕಿವಿಗೆ ಬೀಳ್ತಿದೆ. ಮೌನ ಹೆಚ್ಚಾದಷ್ಟೂ ಕಿವಿ ಚುರುಕು.

🔦 ಭಾಗ 6: ಈಗ ನಿಮ್ಮ ಕಾರು

ಇಷ್ಟು ಇತಿಹಾಸ ಓದಿದ್ದಕ್ಕೆ ಒಂದು ಉಪಯೋಗ ಬೇಡವಾ? ಕಿರ್ ಅಂದ್ರೆ ಎರಡು ವಸ್ತು ಉಜ್ಜುತ್ತಿವೆ. ಕಟಕಟ ಅಂದ್ರೆ ನಡುವೆ ಜಾಗ ಇದೆ, ಬಡಿದುಕೊಳ್ತಿವೆ.

ಮೊದಲು ಕಾರು ಖಾಲಿ ಮಾಡಿ. ಚಿಲ್ಲರೆ ಕಾಸು, ಕನ್ನಡಕ, ಡಿಕ್ಕಿಯ ಜಾಕು, ಪಾನಾ, ಎಲ್ಲ. ಆಮೇಲೆ ಪಾಟು ಬಂದಿಲ್ಲದ ಸೀಟ್ ಬೆಲ್ಟಿನ ಬಕಲ್ ಎಲ್ಲಿಗೆ ತಾಗ್ತಿದೆ ನೋಡಿ. ಸ್ಟೀರಿಂಗ್ ಇನ್ನೊಬ್ಬರಿಗೆ ಕೊಟ್ಟು, ಅದೇ ರಸ್ತೆ, ಅದೇ ವೇಗದಲ್ಲಿ ಓಡಿಸಿ. ನೀವು ಅಂಗೈಯಿಂದ ಒಂದೊಂದೇ ಜಾಗ ಒತ್ತುತ್ತಾ ಹೋಗಿ. ಎಲ್ಲಿ ಒತ್ತಿದಾಗ ಸದ್ದು ನಿಲ್ತದೋ ಅಲ್ಲೇ ಕಳ್ಳ. ಬಡಿಯೋ ಕಡೆ ಒಂದು ಚೂರು ಫೆಲ್ಟ್ ಟೇಪು, ಮುರಿದಿದ್ದರೆ ಹೊಸ ಕ್ಲಿಪ್. ಬಾಗಿಲ ರಬ್ಬರಿಗೆ ಸಿಲಿಕೋನ್ ಗ್ರೀಸು ಹಚ್ಚಿ, ಎಂಜಿನ್ ಆಯಿಲ್ ಬೇಡ, ರಬ್ಬರು ಊದಿಕೊಳ್ತದೆ.

ಎರಡು ಎಚ್ಚರಿಕೆ. ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಏರ್‌ಬ್ಯಾಗ್ ಇರಬಹುದು, ಅದನ್ನ ನೀವೇ ಬಿಚ್ಚಬೇಡಿ. ಹಂಪಿನ ಮೇಲೆ ಅಡಿಯಿಂದ ಟಕ್ ಟಕ್ ಅಂತಿದ್ದರೆ ಅದು ಒಳಗಿನ ಕಟಕಟ ಅಲ್ಲ. ಸಸ್ಪೆನ್ಷನ್ನಿನದ್ದಿರಬಹುದು. ಅದಕ್ಕೆ ಟೇಪು ಮದ್ದಲ್ಲ, ಮೆಕ್ಯಾನಿಕ್ ಹತ್ರ ಹೋಗಿ.

ಹಾಡಿನ ವಾಲ್ಯೂಮ್ ಏರಿಸಿದ್ರೆ ಯಾವ ಸದ್ದೂ ಕೇಳಲ್ಲ, ನಿಜ. ಆದರೆ ಸಡಿಲಾದ ಚಕ್ರದ ನಟ್ಟೂ ಮೊದಲು ಮಾತಾಡೋದು ಸದ್ದಿನಲ್ಲೇ. ಆ ಮಾತು ಕೇಳೋ ಕಿವಿ ಕಳ್ಕೋಬೇಡಿ.

ನಿಮ್ಮ ಕಾರಿನ ಕಳ್ಳ ಕೊನೆಗೆ ಎಲ್ಲಿ ಸಿಕ್ಕಿದ? ಕಾಮೆಂಟಲ್ಲಿ ಬರೀರಿ 👇

#ಕಾರಿನಕಥೆ #ಇತಿಹಾಸ #ಕನ್ನಡದಲ್ಲಿತಂತ್ರಜ್ಞಾನ