ಒಕ್ಕೊರಲು ಯಾವುದಕ್ಕೆ? 1970ರ ಕೇರಳ ಸುತ್ತೋಲೆಯ ಮರುಓದು

ಶಾಲೆಯ ಬೆಳಗಿನ ಪ್ರಾರ್ಥನಾ ಸಭೆ, ಮಕ್ಕಳ ಬಾಯಲ್ಲಿ ‘ಪ್ರೇಯರ್’, ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಅಪರೂಪ. ಹಾಗೆ ಹೋದ ಬಿಜೋ ಇಮ್ಯಾನ್ಯುಯೆಲ್ ಪ್ರಕರಣದ ತೀರ್ಪು (11 ಆಗಸ್ಟ್ 1986) ರಾಷ್ಟ್ರಗೀತೆಯ ತೀರ್ಪೆಂದೇ ಹೆಸರಾಯಿತು. ಆ ಪ್ರಕರಣದ ಮೂವರು ಕೇರಳದ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲ ಎಂದು ಬರೆಯುವವರು ಇಂದಿಗೂ ಇದ್ದಾರೆ. ತೀರ್ಪಿನ ಮೊದಲ ಪುಟ ತಿರುವಿದ್ದರೂ ಈ ತಪ್ಪು ನುಸುಳುತ್ತಿರಲಿಲ್ಲ. ಯೆಹೋವನ ಸಾಕ್ಷಿಗಳ ಪಂಥದ ಆ ಮೂವರು, ಹತ್ತು, ಒಂಬತ್ತು ಮತ್ತು ಐದನೆಯ ತರಗತಿಯವರು, ದಿನವೂ ಸಾಲಿನಲ್ಲಿ ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೆ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ನಿಂತು ಓದಿದ್ದರು. 1985ರ ಜುಲೈಯಲ್ಲಿ ಶಾಸಕರೊಬ್ಬರ ಕಣ್ಣಿಗೆ ಇದು ಬಿದ್ದು, ಪ್ರಾರ್ಥನಾ ಸಭೆಯ ಮಾತು ವಿಧಾನಸಭೆ ಮುಟ್ಟಿತು. ವಿಚಾರಣಾ ಆಯೋಗ ಮಕ್ಕಳಲ್ಲಿ ಅಗೌರವ ಕಾಣಲಿಲ್ಲ. ಆದರೂ ಅವರನ್ನು ಶಾಲೆಯಿಂದ ಹೊರಹಾಕಲಾಯಿತು.

ಇದಕ್ಕೆ ಶಿಕ್ಷಣ ಇಲಾಖೆ ನೆಚ್ಚಿಕೊಂಡದ್ದು ಎರಡು ಸುತ್ತೋಲೆಗಳನ್ನು: ಒಂದು 1961ರದು, ಇನ್ನೊಂದು 1970ರ ಫೆಬ್ರವರಿಯದು. ತೀರ್ಪನ್ನು ಚರ್ಚಿಸುವವರು ಸಂವಿಧಾನದ 19 ಮತ್ತು 25ನೆಯ ವಿಧಿಗಳತ್ತ ಧಾವಿಸುವ ಭರದಲ್ಲಿ ಇವನ್ನು ದಾಟಿಹೋಗುತ್ತಾರೆ. ಭಾರತದ ಶಾಲೆಯ ಬೆಳಗನ್ನು ಆಡಳಿತ ಹೇಗೆ ಕಲ್ಪಿಸಿಕೊಂಡಿತ್ತು ಎಂಬುದಕ್ಕೆ 1970ರ ಪತ್ರದಷ್ಟು ನೇರ ಸಾಕ್ಷ್ಯ ಸಿಗುವುದು ಕಡಿಮೆ. ಪಾಠಕ್ಕೆ ಮೊದಲು ಪ್ರತಿ ಶಾಲೆಯಲ್ಲೂ ಸಭೆ ಕಡ್ಡಾಯ. ಎಲ್ಲ ಮಕ್ಕಳೂ ಶಿಕ್ಷಕರೂ ಸೇರಬೇಕು. ರಾಷ್ಟ್ರಗೀತೆಯ ಗಾಯನವಾದ ಮೇಲೆ ಇಡೀ ಶಾಲೆ ಒಕ್ಕೊರಲಿನಿಂದ ರಾಷ್ಟ್ರೀಯ ಪ್ರತಿಜ್ಞೆ ಸ್ವೀಕರಿಸಿ ತರಗತಿಗಳಿಗೆ ಮರಳಬೇಕು. ಪತ್ರದ ಸಾರ ಇದು.

ಇಲ್ಲಿ ವಾಕ್ಯರಚನೆಯನ್ನು ನಿಧಾನವಾಗಿ ನೋಡಬೇಕು. ‘ಒಕ್ಕೊರಲು’ ಅಂಟಿಕೊಂಡಿರುವುದು ಪ್ರತಿಜ್ಞೆಗೆ, ಗೀತೆಗಲ್ಲ. ಗೀತೆಯ ಗಾಯನ ಅಲ್ಲಿ ನಡೆಯುವ ಒಂದು ಕಾರ್ಯಕ್ರಮ. ಹಾಡಬೇಕಾದವರು ಯಾರೆಂದು ವಾಕ್ಯ ಹೇಳುವುದಿಲ್ಲ. ಕಡ್ಡಾಯ ಬಿದ್ದಿರುವುದು ಸಭೆ ನಡೆಸಬೇಕಾದ ಶಾಲೆಯ ಮೇಲೆ, ಹಾಡದ ಮಗುವಿನ ಗಂಟಲಿನ ಮೇಲಲ್ಲ. ಈ ಓದಿಗೆ 1961ರ ಸುತ್ತೋಲೆ ಅಡ್ಡ ಬರುತ್ತದೆ ಎಂಬುದನ್ನೂ ಒಪ್ಪಬೇಕು: ಗಾಯನದಲ್ಲಿ ಇಡೀ ಶಾಲೆ ಪಾಲ್ಗೊಳ್ಳಬೇಕೆಂದು ಅದು ಬಯಸುತ್ತದೆ. ಆದರೆ ಅದು ಅದನ್ನು ಹೇಳುವುದು ಸಾಮಾನ್ಯ ರೂಢಿಯೆಂಬ ಧಾಟಿಯಲ್ಲಿ, ದೇಶಪ್ರೇಮ ಬೆಳೆಸುವ ಹಿತವಚನಗಳ ನಡುವೆ.

ಮಕ್ಕಳು ಮೊದಲು ಮೊರೆಹೋದ ಹೈಕೋರ್ಟ್ ಬೇರೆ ದಾರಿ ಹಿಡಿದಿತ್ತು. ಗೀತೆಯ ಪದಪದವನ್ನೂ ಜಾಲಾಡಿ, ಯಾರ ಧರ್ಮಕ್ಕೂ ನೋವಾಗುವಂಥದ್ದು ಇಲ್ಲವೆಂದು ಅವರ ಅರ್ಜಿ ತಳ್ಳಿಹಾಕಿತು. ಸಾಹಿತ್ಯ ವಿಮರ್ಶೆಯಾಗಿ ಇದು ಸರಿಯೇ ಇರಬಹುದು. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರವಲ್ಲ. ಮಕ್ಕಳ ಆಕ್ಷೇಪ ಗೀತೆಯ ಭಾಷೆಯ ಬಗ್ಗೆ ಇರಲಿಲ್ಲ, ಹಾಡುವುದರ ಬಗ್ಗೆ ಇತ್ತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಸುಪ್ರೀಂ ಕೋರ್ಟ್ ಪೀಠ ಈ ಎಡವಟ್ಟನ್ನು ಗುರುತಿಸಿ, ನಂಬಿಕೆ ಪ್ರಾಮಾಣಿಕವೇ ಎಂದಷ್ಟೇ ನೋಡಿತು. ಸುತ್ತೋಲೆಗಳಿಗೆ ಶಾಸನದ ಬಲವಿಲ್ಲವೆಂದಿತು. ಪ್ರತಿ ಮಗುವೂ ಹಾಡಲೇಬೇಕೆಂದು ಅವನ್ನು ಅರ್ಥೈಸುವುದಾದರೆ ಅವು ಮೂಲಭೂತ ಹಕ್ಕಿಗೆ ವಿರುದ್ಧ ಎಂದೂ ಹೇಳಿತು. ಈ ‘ಅರ್ಥೈಸುವುದಾದರೆ’ಯ ತೂಕವನ್ನು ವ್ಯಾಖ್ಯಾನಕಾರರು ಅಳೆದಿಲ್ಲ. ಸಭೆಗೆ ಸೇರುವುದು, ಸಾಲಿನಲ್ಲಿ ನಿಲ್ಲುವುದು ತಪ್ಪೆಂದು ಪೀಠ ಎಲ್ಲೂ ಹೇಳಲಿಲ್ಲ; ನಿಲ್ಲುವುದನ್ನೇ ಗೌರವವೆಂದು ಎಣಿಸಿತು.

‘ಒಕ್ಕೊರಲು’ ಅಂಟಿದ್ದ ಆ ಪ್ರತಿಜ್ಞೆಯಾದರೂ ಹಳೆಯದಲ್ಲ. ಪೈಡಿಮರ್ರಿ ವೆಂಕಟ ಸುಬ್ಬರಾವ್ ಅದನ್ನು ತೆಲುಗಿನಲ್ಲಿ ಬರೆದದ್ದು 1962ರಲ್ಲಿ. 1964ರಲ್ಲಿ ಎಂ.ಸಿ. ಛಾಗ್ಲಾ ಅಧ್ಯಕ್ಷತೆಯಲ್ಲಿ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ ಬೆಂಗಳೂರಿನಲ್ಲಿ ಸೇರಿ ಅದನ್ನು ಶಾಲೆಗಳಿಗೆ ಒಪ್ಪಿಸಿತು. ಜಾರಿಗೆ ಗೊತ್ತುಮಾಡಿದ ದಿನ 1965ರ ಜನವರಿ 26. ಅಂದರೆ ಕೇರಳದ ಪತ್ರ ಹೊರಟಾಗ ಅದು ಶಾಲೆಗಳಿಗೆ ಬಂದು ಐದೇ ವರ್ಷ. ಮುಂಗೈ ಚಾಚಿ ಪ್ರತಿಜ್ಞೆ ಹೇಳಿಸುವ ತರಗತಿ ನಾಯಕ, ‘ಸಾವಧಾನ್’, ‘ವಿಶ್ರಾಮ್’, ಸುದ್ದಿ ಓದು ಇರುವ ಕನ್ನಡ ಶಾಲೆಯ ಬೆಳಗನ್ನು ಅನಾದಿ ಸಂಪ್ರದಾಯವೆನ್ನುವವರು ಈ ತಾರೀಖುಗಳನ್ನು ಗಮನಿಸಬಹುದು.

ಪ್ರತಿಜ್ಞೆಯ ಒಕ್ಕೊರಲು ಆ ಮೊಕದ್ದಮೆಯಲ್ಲಿ ತೀರ್ಮಾನಕ್ಕೆ ಬರಲಿಲ್ಲ. ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಂಡು ಅಡ್ಡಿಯಿಲ್ಲದೆ ಓದಲು ಬಿಡಬೇಕೆಂದು ಪೀಠ ಆದೇಶಿಸಿತು.