ಲೆಕ್ಕಕ್ಕೆ ಬಾರದ ಕಣ್ಣು

ಕಲ್ಯಾಣದ ಚಾಲುಕ್ಯರ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಮುಂದೆ ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯ ಬಗ್ಗೆ ಬರೆದ. 1925ರಲ್ಲಿ ಬೆಂಗಳೂರಿನ ಸೀರಂ ಸಂಸ್ಥೆ ಹುಟ್ಟಿದ್ದೂ ದನಗಳ ದೊಡ್ಡರೋಗಕ್ಕಾಗಿಯೇ. ಹೊಲ, ಹೈನು, ಯುದ್ಧಕ್ಕೆ ಬೇಕಾದ ಪ್ರಾಣಿಗೆ ವೈದ್ಯಶಾಸ್ತ್ರ ದಕ್ಕಿತು. ಇಲಿ ಹಿಡಿದು ಕಾಳು ಉಳಿಸಿದ ಬೆಕ್ಕಿಗೆ ದಕ್ಕಲಿಲ್ಲ. ಕಾಸು ಕೊಟ್ಟು ತಂದ ಪ್ರಾಣಿಯಲ್ಲವೆಂಬುದೇ ಇದಕ್ಕೆ ಕಾರಣ ಎಂದು ನನಗನಿಸುತ್ತದೆ.

ಮನೆಮದ್ದು ಇತ್ತಲ್ಲ, ಬೆಕ್ಕು ತಾನೇ ನೆಕ್ಕಿ ವಾಸಿಮಾಡಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಆದರೆ ನಾಲಿಗೆ ಕಣ್ಣಿಗೆ ಎಟುಕದು; ಪಂಜದಿಂದ ಉಜ್ಜಿದಷ್ಟೂ ಗಾಯ ಬಲಿಯುತ್ತದೆ. ಒಂದು ಕಣ್ಣು ಅರೆಮುಚ್ಚಿ, ಒಳಮೂಲೆಯಿಂದ ಬಿಳಿಪೊರೆ ಮೇಲೆದ್ದು, ಹಳದಿ ಗೀಜು ರೆಪ್ಪೆಗಂಟಿದ ಮರಿಯನ್ನು ಹತ್ತಿರದಿಂದ ನೋಡಿ: ಅದು ನಿದ್ದೆಯಲ್ಲ, ನೋವು. ಜೊತೆಗೆ ಸೀನಿದ್ದರೆ ಹೆಚ್ಚಾಗಿ ಹರ್ಪಿಸ್ ವೈರಾಣುವಿನ ಕೆಲಸ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸಿ, ಅದೇ ದಿನ ಪಶುವೈದ್ಯರ ಬಳಿ ಒಯ್ಯಬೇಕು. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿಯನ್ನು ಮಾತ್ರ ಹಾಕಲೇಬಾರದು. ಕಣ್ಣುಗುಡ್ಡೆಯ ಮೇಲೆ ಹುಣ್ಣಿದ್ದರೆ ಅದು ಆಳಕ್ಕಿಳಿದು ಕಣ್ಣೇ ಹೋಗಬಹುದು. ವಯಸ್ಸಾದ ಬೆಕ್ಕು ದಿಢೀರನೆ ಗೋಡೆಗೆ ಡಿಕ್ಕಿ ಹೊಡೆಯತೊಡಗಿದರೆ ರಕ್ತದೊತ್ತಡವನ್ನೂ ನೋಡಿಸಬೇಕಾಗುತ್ತದೆ.