ಹೆಸರು ಊರಾಗ, ಹೊಟ್ಟಿ ಪರವೂರಾಗ

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕತೆ, ಕಾವ್ಯ, ಆತ್ಮಕತೆಗಳ ಕಡೆ ಹೊರಳುತ್ತೇವೆ. ಅದು ತಪ್ಪೇನಲ್ಲ. ಆದರೆ ನಮ್ಮ ಕೇರಿಯ ಬಹುಪಾಲು ಜನ ಯಾವ ಕತೆಯಲ್ಲೂ ಬಂದವರಲ್ಲ. ಅವರ ಹೆಸರು ಅಚ್ಚಾಗಿರುವುದು ಒಂದೇ ಕಡೆ, ಮತದಾರರ ಪಟ್ಟಿಯಲ್ಲಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ಇಷ್ಟೇ ಇರುವ ಈ ಪಠ್ಯವನ್ನು ನಾವು ಇನ್ನೂ ಸರಿಯಾಗಿ ಓದಿಲ್ಲ ಎಂದು ನನ್ನ ಅನಿಸಿಕೆ.

2023ರ ಮೇ 10ರ ವಿಧಾನಸಭಾ ಚುನಾವಣೆಗೆ ಕೆಲವು ದಿನ ಮೊದಲು ನಾನು ಹುನಗುಂದ ತಾಲ್ಲೂಕಿನ ನಮ್ಮೂರಲ್ಲಿದ್ದೆ. ದೊಡ್ಡವ್ವನ ಮನೆ ಮುಂದೆ ಒಂದು ಜೀಪು ಬಂದು ನಿಂತಿತು. ಕಾರ್ಡಿನ ಪ್ರಕಾರ ಆಕೆಗೆ ಆಗ 81 ವರ್ಷ. 80 ದಾಟಿದವರಿಗೆ ಮತ್ತು ಶೇಕಡಾ 40ರಷ್ಟಾದರೂ ಅಂಗವೈಕಲ್ಯ ಇದ್ದವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಇಡೀ ಕರ್ನಾಟಕಕ್ಕೆ ಮೊದಲ ಸಲ ಸಿಕ್ಕಿದ್ದು ಆ ಚುನಾವಣೆಯಲ್ಲಿ. ಅಧಿಕಾರಿಗಳು, ಪೊಲೀಸರು, ವಿಡಿಯೋ ಕ್ಯಾಮೆರಾ, ಮರೆಗೆ ಒಂದು ರಟ್ಟು, ಒಂದು ಪೆಟ್ಟಿಗೆ. ನಳದ ನೀರು ನೆಟ್ಟಗೆ ಬಾರದ ಕೇರಿಗೆ ಮತಪೆಟ್ಟಿಗೆ ನಡೆದು ಬಂದಿತ್ತು.

ದೊಡ್ಡವ್ವ ಓಟು ಹಾಕಿ, ಲಕೋಟೆ ಅಂಟಿಸಿ ಕೊಟ್ಟು, ಸಾಹೇಬರನ್ನು ಕೇಳಿದಳು: "ನನ್ನ ಬಾಗಿಲಕ್ಕ ತಂದ್ರಿ, ಚಲೋ ಆತು. ನನ್ನ ಮಕ್ಕಳು ಮಂಗಳೂರಾಗ ಅದಾರ. ಅವರ ಬಾಗಿಲಕ್ಕ ಯಾವಾಗ ಒಯ್ತೀರಿ?"

"ಅವರು ಇಲ್ಲಿಗೇ ಬರಬೇಕವ್ವಾ" ಎಂದರು ಅವರು.

"ಹೆಸರು ಊರಾಗೈತಿ, ಹೊಟ್ಟಿ ಪರವೂರಾಗೈತಿ. ಬರೂದು ಹ್ಯಾಂಗ್ರೀ?"

ಯಾರೂ ಉತ್ತರ ಕೊಡಲಿಲ್ಲ. ಕೊಡುವುದು ಆ ಅಧಿಕಾರಿಯ ಕೈಯಲ್ಲೂ ಇರಲಿಲ್ಲ. ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಅದನ್ನು ಬಿಚ್ಚಿ ನೋಡುವುದು ಈ ಲೇಖನದ ಉದ್ದೇಶ.

1

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಇವೆಲ್ಲ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ಓಟಿನ ಹಕ್ಕು ಭೂಕಂದಾಯ, ತೆರಿಗೆ, ಆಸ್ತಿಗಳಿಗೆ ಅಂಟಿಕೊಂಡಿತ್ತು. ಹೊಲವಿಲ್ಲದವನಿಗೆ ಓಟಿಲ್ಲ. ಹೊಲಗೇರಿ, ಮಾದಿಗರ ಕೇರಿಗಳಿಗೆ ಹೊಲ ಎಲ್ಲಿಂದ ಬರಬೇಕು?

1919ರ ಜನವರಿ 27ರಂದು ಅಂಬೇಡ್ಕರ್ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಅಸ್ಪೃಶ್ಯರಿಗೆ ಆಸ್ತಿಯೇ ಇಲ್ಲದಿರುವಾಗ ಆಸ್ತಿಯ ಅಳತೆಗೋಲು ಹಿಡಿದರೆ ಅವರನ್ನು ಹೊರಗಿಟ್ಟಂತೆಯೇ ಎಂಬುದು ಅವರ ವಾದದ ತಿರುಳು. 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಕೇಳಿದರು. ಅದೇ 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ವತನ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದರು. ಈ ಎರಡು ಸಂಗತಿಗಳನ್ನು ನಾವು ಬೇರೆ ಬೇರೆಯಾಗಿ ಓದುತ್ತ ಬಂದಿದ್ದೇವೆ. ಒಟ್ಟಿಗೆ ಓದಬೇಕು. ಹಗಲು ರಾತ್ರಿಯೆನ್ನದೆ ಊರ ಚಾಕರಿಗೆ ಕಟ್ಟಿಹಾಕುವ ಹಗ್ಗ ವತನ. ಆ ಹಗ್ಗ ಇರುವತನಕ ಕೇರಿಯವನು ಊರು ಬಿಡುವಂತಿರಲಿಲ್ಲ, ಊರಿನ ಮಾತಿಗೂ ಅವನು ಬೇಕಿರಲಿಲ್ಲ. ಊರಲ್ಲೇ ಇದ್ದಾಗ ಅವನಿಗೆ ಓಟಿರಲಿಲ್ಲ. ಓಟು ಬಂದ ಮೇಲೆ ಅವನಿಗೆ ಊರಲ್ಲಿರಲು ಕೂಳಿಲ್ಲ.

ಸಂವಿಧಾನದ 326ನೆಯ ವಿಧಿ ವಯಸ್ಕ ಮತದಾನವನ್ನು ತಂದಿತು. ಅದು ಸಣ್ಣ ಗೆಲುವಲ್ಲ. ಆಸ್ತಿಯ ಗೋಡೆ ಬಿತ್ತು. ಆದರೆ ಬಿದ್ದ ಗೋಡೆಯ ಜಾಗದಲ್ಲಿ ಒಂದು ಹೊಸ ಪದ ಬಂದು ಕೂತಿತು: 'ಸಾಮಾನ್ಯ ನಿವಾಸಿ'.

2

1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಂದು ಕ್ಷೇತ್ರದ ಸಾಮಾನ್ಯ ನಿವಾಸಿಯಾದವನ ಹೆಸರು ಅಲ್ಲಿಯ ಪಟ್ಟಿಯಲ್ಲಿ ಬರಬೇಕು. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಆ ನಿವಾಸಿತನ ಹೋಗುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ಗುಳೆ ಹೋದವನ ಹೆಸರು ಊರಲ್ಲೇ ಇರಬೇಕು, ಇದೆ ಕೂಡ. ಆದರೆ ಹೆಸರಿದ್ದ ಕಡೆ ಆತ ನಿಲ್ಲಲಾರ, ಆತ ನಿಂತ ಕಡೆ ಹೆಸರಿಲ್ಲ.

ಹಾಗಾದರೆ ಊರಲ್ಲಿಲ್ಲದವರಿಗೆ ಓಟು ಮುಟ್ಟಿಸುವ ದಾರಿ ಪ್ರಭುತ್ವಕ್ಕೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಗಡಿಯ ಸೈನಿಕನಿಗೆ, ವಿದೇಶದ ರಾಯಭಾರ ಕಚೇರಿಯ ನೌಕರನಿಗೆ, ಚುನಾವಣೆ ಡ್ಯೂಟಿಯವರಿಗೆ, ರಾಷ್ಟ್ರಪತಿ, ರಾಜ್ಯಪಾಲರಂಥವರಿಗೆ ಅಂಚೆ ಮತ ಇದೆ. ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವನಿಗೂ ಇದೆ. (ವಿಚಾರಣಾಧೀನ ಕೈದಿಗೆ ಮಾತ್ರ ಇಲ್ಲ. ಕೈದಿಗಳ ಮೇಲಿನ ಆ ನಿಷೇಧವನ್ನು 1997ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.) 1996ರಲ್ಲಿ ಕಾಶ್ಮೀರ ಕಣಿವೆಯಿಂದ ಹೊರಬಿದ್ದವರಿಗೆ ಅಂಚೆ ಮತ ಬಂತು. ಮುಂದೆ ಜಮ್ಮು, ಉಧಂಪುರ, ದೆಹಲಿಗಳಲ್ಲಿ ವಿಶೇಷ ಮತಗಟ್ಟೆಗಳೂ ಬಂದವು. ಅದು ನ್ಯಾಯವೇ. 2003ರಲ್ಲಿ ಸೈನಿಕರಿಗೆ ಬದಲಿಯಾಳಿನ ಮೂಲಕ ಓಟು ಹಾಕಿಸುವ ಅವಕಾಶ ಬಂತು. 2018ರಲ್ಲಿ ವಿದೇಶದ ಭಾರತೀಯರಿಗೂ ಅದನ್ನು ಕೊಡುವ ಮಸೂದೆಯನ್ನು ಲೋಕಸಭೆ ಪಾಸು ಮಾಡಿತು, ಅದು ಕಾಯ್ದೆಯಾಗದೆ ಬಿದ್ದುಹೋಯಿತು. 2019ರ ಅಕ್ಟೋಬರಿನ ತಿದ್ದುಪಡಿಯಿಂದ ಮುದುಕರಿಗೂ ಅಂಗವಿಕಲರಿಗೂ ಅವಕಾಶ ಬಂತು.

ಈ ಯಾದಿಯನ್ನು ವಿಮರ್ಶಕನ ಕಣ್ಣಿಂದ ಓದಿದರೆ ಒಂದು ವಿಂಗಡಣೆ ಕಾಣುತ್ತದೆ. ದೇಶದ ಕೆಲಸಕ್ಕೆ ಊರು ಬಿಟ್ಟವನ ಗೈರುಹಾಜರಿಗೆ ಮರ್ಯಾದೆ ಇದೆ. ಭಯದಿಂದ, ಮುಪ್ಪಿನಿಂದ ಆದ ಗೈರುಹಾಜರಿಗೆ ಕನಿಕರ ಇದೆ. ಹಸಿವಿನಿಂದಾದ ಗೈರುಹಾಜರಿಗೆ ಕಾನೂನಿನಲ್ಲಿ ಇನ್ನೂ ಹೆಸರೇ ಇಲ್ಲ. ನಮ್ಮ ಜಿಲ್ಲೆಯಲ್ಲೇ ನೋಡಿ. ಆಲಮಟ್ಟಿಯ ಹಿನ್ನೀರು ಬಂದು ಊರುಗಳು ಮುಳುಗಿದಾಗ ಜನರ ಜೊತೆ ಪಟ್ಟಿಗಳೂ ಪುನರ್ವಸತಿ ಕೇಂದ್ರಗಳಿಗೆ ಹೋದವು. ನೀರು ಎಬ್ಬಿಸಿದವರ ಹಿಂದೆ ಹೆಸರು ಹೋಗುತ್ತದೆ, ಬರ ಎಬ್ಬಿಸಿದವರ ಹಿಂದೆ ಹೋಗುವುದಿಲ್ಲ.

3

ಬಾದಾಮಿ, ಹುನಗುಂದದ ಕಡೆಯ ಜನ ಮಂಗಳೂರು, ಉಡುಪಿ, ಗೋವೆಗಳಿಗೆ ದುಡಿಯಲು ಹೋಗುವುದು ಇಂದು ನಿನ್ನೆಯದಲ್ಲ. ಇಳಕಲ್ಲಿನ ಕೆಂಪು ಗ್ರಾನೈಟಿನ ಕ್ವಾರಿಗಳಿಗೆ ಹೊರಗಿನಿಂದ ಬಂದು ದುಡಿಯುವವರ ಓಟೂ ಇನ್ನೆಲ್ಲೋ ಇರುತ್ತದೆ. ಹೀಗಾಗಿ ಇದು ನಮ್ಮೊಬ್ಬರ ಕತೆಯಲ್ಲ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಕೇರಿಯ ಬಾಗಿಲುಗಳಿಗೆ ಬೀಗ ಬೀಳುತ್ತವೆ. ಮುಂಗಾರಿ ಮಳೆ ಬಿದ್ದ ಮೇಲೆ ತೆರೆಯುತ್ತವೆ. ಈಗ ಚುನಾವಣೆಯ ದಿನಗಳನ್ನು ಇಡಿ: 2013ರ ಮೇ 5, 2018ರ ಮೇ 12, 2019ರ ಏಪ್ರಿಲ್ 23, 2023ರ ಮೇ 10, 2024ರ ಮೇ 7. ಎಲ್ಲವೂ ಗುಳೆಯ ಕಾಲದಲ್ಲೇ.

2018ರಲ್ಲಿ ಬಾದಾಮಿ ಕ್ಷೇತ್ರದಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರ ವಿರುದ್ಧ ಗೆದ್ದದ್ದು 1,696 ಓಟುಗಳಿಂದ. ಯಾರು ಗೆಲ್ಲಬೇಕಿತ್ತು ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಇಷ್ಟು ಸಣ್ಣ ಅಂತರದ ಕ್ಷೇತ್ರದಲ್ಲಿ ಬೀಗ ಬಿದ್ದ ಮನೆಗಳ ಮಾತು ಎಲ್ಲಿ ಹೋಯಿತು ಎಂಬುದು ಪ್ರಶ್ನೆ. 2004ರಲ್ಲಿ ಮೀಸಲು ಕ್ಷೇತ್ರ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಒಂದೇ ಓಟಿನಿಂದ ಗೆದ್ದರು. ಸೋತವರ ಕಾರಿನ ಡ್ರೈವರಿಗೆ ಕೆಲಸದ ಗಡಿಬಿಡಿಯಲ್ಲಿ ಓಟು ಹಾಕಲು ಆಗಲಿಲ್ಲವಂತೆ ಎಂಬ ಮಾತು ಆಗ ನಾಡೆಲ್ಲ ಹಬ್ಬಿತ್ತು. ಜನ ಅದನ್ನು ಹಾಸ್ಯವಾಗಿ ಹೇಳುತ್ತಾರೆ. ನನಗೆ ಅದು ದುಡಿಯುವವರ ಗೈರುಹಾಜರಿಯ ಕತೆಯಾಗಿ ಕೇಳುತ್ತದೆ.

ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆಂದು 1996ರಿಂದ ಕಾನೂನಿದೆ. ದಿನಗೂಲಿಯವನಿಗೂ ಅದು ಅನ್ವಯ. ತಪ್ಪಿದ ಮಾಲೀಕನಿಗೆ ದಂಡ ಐನೂರು ರೂಪಾಯಿವರೆಗೆ. ಆದರೆ 2024ರಲ್ಲಿ ಮಂಗಳೂರಿನ ಮತದಾನ ಏಪ್ರಿಲ್ 26, ಬಾಗಲಕೋಟೆಯದು ಮೇ 7. ಮೇ 7ರಂದು ಅಲ್ಲಿ ಸ್ಲ್ಯಾಬು ಹಾಕುವ ದಿನವಾದರೆ ಯಾವ ಮೇಸ್ತ್ರಿ ರಜೆ ಕೊಟ್ಟಾನು? ಹೋಗಿ ಬರುವ ಬಸ್‌ಚಾರ್ಜು, ಕಳೆದುಹೋಗುವ ಎರಡು ಮೂರು ದಿನದ ಕೂಲಿ, ಇವನ್ನು ಯಾವ ಕಾನೂನೂ ಲೆಕ್ಕ ಹಿಡಿದಿಲ್ಲ.

ಲೆಕ್ಕ ಹಿಡಿದವರು ಬೇರೆ ಇದ್ದಾರೆ. ಚುನಾವಣೆ ಹತ್ತಿರ ಬಂದಂತೆ ಗುಳೆಯವರಿಗೆ ಫೋನು ಹೋಗುತ್ತದೆ, ಗಾಡಿ ಹೋಗುತ್ತದೆ. ಮತದಾರರನ್ನು ಮತಗಟ್ಟೆಗೆ ಪುಕ್ಕಟೆ ಸಾಗಿಸುವುದು ಕಾನೂನಿನ ಕಣ್ಣಲ್ಲಿ ಭ್ರಷ್ಟ ಆಚರಣೆ. ಆದರೂ ಗಾಡಿ ಬರುತ್ತದೆ. ಪ್ರಭುತ್ವ ಓಟನ್ನು ಕೆಲಸಗಾರನ ಹತ್ತಿರ ಒಯ್ಯದಿದ್ದಾಗ ಊರ ಧಣಿ ಕೆಲಸಗಾರನನ್ನು ಓಟಿನ ಹತ್ತಿರ ಒಯ್ಯುತ್ತಾನೆ. ಹಾಗೆ ಬಂದವನ ಓಟು ಊರು ಮುಟ್ಟುವ ಮೊದಲೇ ಋಣಕ್ಕೆ ಬಿದ್ದಿರುತ್ತದೆ. ಹರಿದ ವತನದ ಹಗ್ಗ ಹೀಗೆ ಬಸ್ಸಿನ ಟಿಕೆಟ್ಟಾಗಿ ಮರಳಿ ಬಂದಿದೆ.

4

ಇಲ್ಲಿ ಒಂದು ಆಕ್ಷೇಪ ಬರಬಹುದು: ಅಲ್ಲೇ ಇರುವವರು ಅಲ್ಲೇ ಹೆಸರು ಹಚ್ಚಿಸಬಾರದೇಕೆ? ಕಟ್ಟಡ ಮುಗಿದರೆ ಶೆಡ್ಡು ಏಳುತ್ತದೆ, ವಿಳಾಸವೂ ಏಳುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಊರಲ್ಲಿದೆ. ಕೇರಿಯ ಹೆಸರುಗಳು ಹೊರಗೆ ಹೋದಷ್ಟೂ ಪಂಚಾಯ್ತಿಯಲ್ಲಿ ಕೇರಿ ಹಗುರಾಗುತ್ತದೆ. ನಳ ಎಲ್ಲಿಗೆ ಬರಬೇಕು, ಸುಡುಗಾಡಿಗೆ ಜಾಗ ಎಲ್ಲಿ ಎಂಬುದನ್ನು ಉಳಿದವರು ತೀರ್ಮಾನಿಸುತ್ತಾರೆ. ಹೆಸರು ಊರಲ್ಲಿ ಇಡುವುದು ಮೋಹವಲ್ಲ, ರಾಜಕಾರಣ.

ಹಾಗಂತ ಸೈನಿಕನ ಲಕೋಟೆಯನ್ನೇ ಗುಳೆಯವನಿಗೂ ಕೊಟ್ಟುಬಿಡಿ ಎಂದು ನಾನು ಹೇಳಲಾರೆ. ಶೆಡ್ಡಿಗೆ ಬಂದ ಲಕೋಟೆ ಮೊದಲು ಮೇಸ್ತ್ರಿಯ ಕೈಗೆ ಹೋಗುತ್ತದೆ. ಗುಟ್ಟು ಉಳಿಯದ ಓಟು ನಮ್ಮವರಿಗೆ ಹಕ್ಕಲ್ಲ, ಅಪಾಯ. ನಮಗೆ ಬೇಕಾದದ್ದು ದುಡಿಯುವ ಊರಿನಲ್ಲೇ ಮರೆಯಿರುವ, ಎಲ್ಲ ಪಕ್ಷಗಳ ಏಜೆಂಟರಿರುವ ಮತಗಟ್ಟೆ. ಅದು ಕನಸೇನಲ್ಲ. ಒಂದು ಮತಗಟ್ಟೆಯಿಂದ 72 ಕ್ಷೇತ್ರಗಳವರೆಗೆ ಓಟು ಹಾಕಿಸಬಲ್ಲ ಯಂತ್ರದ ಮಾದರಿಯನ್ನು ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. 2023ರ ಜನವರಿ 16ರಂದು ಪಕ್ಷಗಳನ್ನು ಕರೆಯಿತು. ವಲಸಿಗ ಯಾರು, ಅಷ್ಟು ದೂರದಲ್ಲಿ ಏಜೆಂಟರು ಯಾರು, ಯಂತ್ರವನ್ನು ನಂಬುವುದು ಹೇಗೆ ಎಂದು ಪಕ್ಷಗಳು ಕೇಳಿದವು. ಪ್ರಶ್ನೆಗಳು ನ್ಯಾಯವಾದವೇ. ಆದರೆ ಯಂತ್ರ ಬೇಡ ಎಂದವರು ಗುಳೆಯವರಿಗೆ ಬೇರೆ ದಾರಿ ಯಾವುದೆಂದು ಅಷ್ಟೇ ಜೋರಾಗಿ ಕೇಳಿದ್ದನ್ನು ನಾನು ಕಾಣೆ.

ಸಂಘಟನೆಯ ಗೆಳೆಯರು ಒಂದು ಕೆಲಸ ಮಾಡಬಹುದು. ಸುಗ್ಗಿ ಮುಗಿದು ಬೀಗ ಬೀಳುವ ಮೊದಲು ಪ್ರತಿ ಕೇರಿಯಲ್ಲೂ ಪಟ್ಟಿಯನ್ನು ಗಟ್ಟಿಯಾಗಿ ಓದೋಣ. ಪ್ರತಿ ಹೆಸರಿನ ಮುಂದೆ ಹೊಟ್ಟೆ ಎಲ್ಲಿದೆ ಎಂದು ಬರೆಯೋಣ. ಕಾನೂನು ಎಣಿಸದವರನ್ನು ಮೊದಲು ನಾವು ಎಣಿಸಬೇಕು.

2024ರ ಮಾರ್ಚಿನಲ್ಲಿ ಮನೆಯಲ್ಲೇ ಓಟು ಹಾಕುವವರ ವಯಸ್ಸನ್ನು 80ರಿಂದ 85ಕ್ಕೆ ಏರಿಸಿದರು. ದೊಡ್ಡವ್ವನಿಗೆ 82. ಆ ಮೇ ತಿಂಗಳಲ್ಲಿ ಜೀಪು ಬರಲಿಲ್ಲ. ಕೋಲು ಹಿಡಿದು, ಬಿಸಿಲೇರುವ ಮೊದಲೇ, ಊರೊಳಗಿನ ಸಾಲಿಯ ತನಕ ನಡೆದು ಹೋಗಿ ಹಾಕಿ ಬಂದಳು. ಮಕ್ಕಳು ಬರಲಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರಿನ ಕೆಳಗೆ ಅವರ ಹೆಸರುಗಳು ಹಾಗೇ ಇದ್ದವು.